ಮೂವತ್ತೊಂದು ಗರ್ಭಿಣಿಯರು, ಒಂದೇ ಫೋನ್ ನಂಬರು

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಇದನ್ನು ಓದಿ, ಸ್ಕೂಟಿ ಹತ್ತಿ ನೇರ ನಮ್ಮ ಮನೆಗೇ ಬಂದು, ನಮ್ಮಮ್ಮನ ಕೈಲಿ ಕಾಫಿ ಮಾಡಿಸಿಕೊಂಡು ಕುಡಿದು, ಕೆಂಪು ಪೆನ್ನಿನಲ್ಲಿ ಎಲ್ಲವನ್ನೂ ತಿದ್ದಿ ಹೋಗುತ್ತಾರೆ. ಹೋದ ತಿಂಗಳು ನಿವೃತ್ತರಾದರು, ಈಗ ಅದಕ್ಕೆ ಸಮಯವೂ ಇದೆ. ಆದ್ದರಿಂದ ಬ್ಯಾಟರಾಯನಪುರದ ಆಚೆ ಈಚೆ ಜನ ಕರೆಯುವಂತೆ ನಾನೂ ಸಿಸ್ಟರ್ ಎಂದೇ ಕರೆಯುತ್ತೇನೆ. ವಯಸ್ಸಾದವರು ನರ್ಸಮ್ಮ ಎನ್ನುತ್ತಿದ್ದರು. ಸರ್ಕಾರದ ಕಾಗದದಲ್ಲಿ ಅವರ ಹುದ್ದೆಗೆ ನಾಲ್ಕು ಪದಗಳ ಹೆಸರಿದೆ. ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಅವರು ಒಂದು ಮಗುವಿಗೆ ಸೂಜಿ ಚುಚ್ಚಿ, ಅದರ ಅಳುವನ್ನೂ ನಿಲ್ಲಿಸಿರುತ್ತಿದ್ದರು.

ನಾನು ಆ ಆರೋಗ್ಯ ಕೇಂದ್ರಕ್ಕೆ ಸೇರಿದಾಗ ನನಗೆ ಇಪ್ಪತ್ತೆರಡು ವರ್ಷ. ಬಿ.ಕಾಂ.ನಲ್ಲಿ ಎರಡು ವಿಷಯ ಉಳಿದಿದ್ದವು, ಈಗಲೂ ನನ್ನ ದಾರಿ ಕಾಯುತ್ತಿವೆ. ಏಜೆನ್ಸಿ ಮೂಲಕ ಬಂದ ಡೇಟಾ ಎಂಟ್ರಿ ಕೆಲಸ. ಆದರೆ ನನ್ನ ನಿಜವಾದ ವಿದ್ಯೆ ಮಿಮಿಕ್ರಿ. ಯಾರ ಮಾತನ್ನಾದರೂ ಎರಡು ದಿನ ಕೇಳಿಸಿಕೊಂಡರೆ ಮೂರನೇ ದಿನ ಅವರೇ ಆಗಿಬಿಡುತ್ತಿದ್ದೆ. ಡಾಕ್ಟರ ಕೆಮ್ಮು, ಮಾತ್ರೆ ಕೊಡುವವರು ‘ಊಟಕ್ ಮುಂಚೆ ಒಂದು, ಊಟ ಆದ್ಮೇಲ್ ಒಂದು’ ಎಂದು ಮೂಗಿನಲ್ಲಿ ಎಳೆಯುವ ರಾಗ, ಕರೆಂಟು ಹೋದಾಗ ಯುಪಿಎಸ್ ಕೂಗಿಕೊಳ್ಳುವ ಪರಿ, ಎಲ್ಲವೂ ನನ್ನ ಪಟ್ಟಿಯಲ್ಲಿದ್ದವು. ದೊಡ್ಡ ಅಧಿಕಾರಿಗಳ ಮುಂದೆ ನನ್ನದೇ ಗಂಟಲು ಹೇಗೆ ಬೆಕ್ಕಿನ ಮರಿಯಂತಾಗುತ್ತದೆ ಎನ್ನುವುದನ್ನೂ ಮಾಡಿ ತೋರಿಸುತ್ತಿದ್ದೆ. ಅದಕ್ಕೇ ಚಪ್ಪಾಳೆ ಜಾಸ್ತಿ.

ಸಿಸ್ಟರನ್ನು ಬಿಡುತ್ತೇನೆಯೇ? ಲಸಿಕೆ ಪೆಟ್ಟಿಗೆಯನ್ನು ಹೆಗಲಿಗೆ ನೇತುಹಾಕಿಕೊಂಡು, ಕೊಡೆ ಹಿಡಿದು, ಸಾಲ ವಸೂಲಿಗೆ ಹೊರಟವರ ಹಾಗೆ ಬಿರಬಿರನೆ ನಡೆಯುವ ಅವರ ನಡಿಗೆಯನ್ನು ಒಂದು ದಿನ ಔಷಧಿ ಕೋಣೆಯಲ್ಲಿ ಮಾಡಿ ತೋರಿಸುತ್ತಿದ್ದೆ. ಎಲ್ಲರೂ ನಗು ನಿಲ್ಲಿಸಿದರು. ತಿರುಗಿದರೆ ಬಾಗಿಲಲ್ಲಿ ಸಿಸ್ಟರ್. ಎಷ್ಟು ಹೊತ್ತಿನಿಂದ ನಿಂತಿದ್ದರೋ.

“ಎಲ್ಲಾ ಸರಿ ಐತೆ. ಕೊಡೆ ಮಾತ್ರ ಎಡಗೈಲಿ ಕಣೋ ನಾನ್ ಇಡ್ಕೊಳೋದು,” ಎಂದು ಹೇಳಿ ಹೊರಟುಹೋದರು.

ಬೈದಿದ್ದರೆ ಮರೆಯುತ್ತಿದ್ದೆ. ತನ್ನನ್ನು ಅಣಕಿಸುವವನ ತಪ್ಪನ್ನೂ ತಿದ್ದುವ ಮನುಷ್ಯರನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಅವರದು ತಣಿಸಂದ್ರದ ಕಡೆಯ ಹಳೇ ಒಕ್ಕಲು ಮನೆ. ತಂದೆಯ ದ್ರಾಕ್ಷಿ ತೋಟವಿದ್ದ ಕಡೆ ಈಗ ಹದಿನಾಲ್ಕು ಅಂತಸ್ತು. ತಮ್ಮಂದಿರು ಬಿಲ್ಡರುಗಳು, ಬಿಳಿ ಕಾರು, ಬಿಳಿ ಪ್ಯಾಂಟು. ಒಮ್ಮೆ ಮಟಮಟ ಮಧ್ಯಾಹ್ನ ಅಕ್ಕ ನಡೆದು ಹೋಗುತ್ತಿದ್ದುದನ್ನು ಕಂಡ ಒಬ್ಬ ತಮ್ಮ ಕಾರು ನಿಲ್ಲಿಸಿ, ಮನೇಲಿರಬಾರದಾ ಅಕ್ಕಾ, ಜನ ಏನಂದುಕೊಳ್ಳಬೇಕು ಎಂದನಂತೆ. ಜನದ ಮಾತು ಹಾಗಿರಲಿ, ನಿನ್ನ ಕಟ್ಟಡದ ಶೆಡ್ಡಿನಲ್ಲಿ ಎರಡು ಕೂಸಿಗೆ ಲಸಿಕೆ ಬಾಕಿ ಇದೆ, ಅಲ್ಲಿಗೆ ಬಿಡು ಎಂದು ಸಿಸ್ಟರ್ ಹತ್ತಿ ಕೂತರಂತೆ. ಆ ಮೇಲೆ ಆ ಕಾರು ಅವರು ಕಂಡರೆ ಅಡ್ಡದಾರಿ ಹಿಡಿಯುತ್ತಿತ್ತು.

ಅವರ ಸ್ಕೂಟಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಎರಡೂ ಕಾಲು ನೆಲಕ್ಕೆ ತಾಗುವ ಹಾಗೆ ಇಳಿಬಿಟ್ಟುಕೊಂಡು, ಮದುವೆ ಮೆರವಣಿಗೆಯ ವೇಗದಲ್ಲಿ ಓಡಿಸುತ್ತಿದ್ದರು. ಹಿಂದೆ ಕೂತ ನಾನು ಬೇಕಾದರೆ ಇಳಿದು, ಚಹಾ ಕುಡಿದು, ಮತ್ತೆ ಹತ್ತಬಹುದಿತ್ತು. ಇನ್ನೊಂದು ದೋಷವೆಂದರೆ ಹೊಗಳಿಕೆಯಲ್ಲಿ ಜಿಪುಣತನ. ನಾನು ಒಂದು ತಿಂಗಳ ಬಾಕಿ ಎಂಟ್ರಿಯನ್ನು ನಾಲ್ಕು ದಿನದಲ್ಲಿ ಮುಗಿಸಿ ಎದುರು ನಿಂತಾಗ ಅವರ ಬಾಯಿಂದ ಬಂದದ್ದು ‘ಪರವಾಗಿಲ್ಲ’. ಅದಕ್ಕಿಂತ ಮೇಲಿನ ಪದವಿಯನ್ನು ಅವರು ಯಾರಿಗೂ ಕೊಟ್ಟಂತಿಲ್ಲ.

ಮೂರು ತಿಂಗಳು ತುಂಬುವವರೆಗೆ ಬಸುರಿನ ಸುದ್ದಿ ಹೊರಗೆ ಹೇಳಬಾರದು ಎಂಬುದು ನಮ್ಮ ಹೆಂಗಸರ ಪದ್ಧತಿ. ಅಷ್ಟರೊಳಗೇ ನೋಂದಣಿ ಆಗಬೇಕು ಎಂಬುದು ಸರ್ಕಾರದ ಪದ್ಧತಿ. ಇವೆರಡರ ನಡುವೆ ಸಿಸ್ಟರ್ ತಮ್ಮದೇ ದಾರಿ ಮಾಡಿಕೊಂಡಿದ್ದರು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಮನೆಮನೆಯಲ್ಲಿ ಸಾರಿಗೆ ಒಗ್ಗರಣೆ ಬೀಳುವ ವೇಳೆಗೆ, ಸರಿಯಾಗಿ ಬೀದಿಗೆ ಇಳಿಯುತ್ತಿದ್ದರು. ಸಾಸಿವೆ ಸಿಡಿದ ಕೂಡಲೇ ಮೂಗಿಗೆ ಸೆರಗು ಹಿಡಿದು ಯಾವ ಹುಡುಗಿ ಹೊಸಿಲಾಚೆ ಬಂದು ನಿಲ್ಲುತ್ತಾಳೋ ಅವಳ ಹೆಸರು ಪುಸ್ತಕದಲ್ಲಿ ಪೆನ್ಸಿಲಿನಲ್ಲಿ ಬೀಳುತ್ತಿತ್ತು. ಕೇಳುತ್ತಿರಲಿಲ್ಲ. ನೀರು ಕುಡಿ, ಬೆಳಿಗ್ಗೆ ಒಣ ಅವಲಕ್ಕಿ ಬಾಯಿಗೆ ಹಾಕ್ಕೋ ಎಂದಷ್ಟೇ ಹೇಳಿ ಮುಂದಿನ ಮನೆಗೆ. ಅವಳಾಗಿಯೇ ಬಾಯಿಬಿಟ್ಟ ದಿನ ಪೆನ್ಸಿಲಿನ ಮೇಲೆ ಪೆನ್ನು.

ಕಂಪ್ಯೂಟರಿನಲ್ಲಿ ಪೆನ್ಸಿಲ್ ಇರಲಿಲ್ಲ. ಗರ್ಭಿಣಿಯರನ್ನೂ ಮಕ್ಕಳನ್ನೂ ಹೆಸರು ಹೆಸರಾಗಿ ಹಿಂಬಾಲಿಸುವ ಹೊಸ ಸಾಫ್ಟ್‌ವೇರ್ ಬಂದ ಕಾಲ ಅದು. ಯಶವಂತಪುರದ ಕಡೆಯ ಒಂದು ಸಭಾಂಗಣದಲ್ಲಿ ನಮಗೆಲ್ಲ ತರಬೇತಿ. ಪರದೆಯ ಮೇಲೆ ಮೋಡ, ಮೋಡಕ್ಕೆ ಬಾಣ, ಬಾಣದ ತುದಿಯಲ್ಲಿ ದೆಹಲಿ. ಇಡೀ ದೇಶದ ಆರೋಗ್ಯ ಒಂದೇ ಪರದೆಗೆ ಬರುತ್ತದೆ, ಹಳ್ಳಿಯ ಕೊನೆಯ ತಾಯಿಯೂ ಅಲ್ಲಿ ಕೂತವರಿಗೆ ಕಾಣುತ್ತಾಳೆ ಎಂದು ಅಧಿಕಾರಿಗಳು ವಿವರಿಸಿದರು. ಅರ್ಧ ಹೊತ್ತು ನೆಟ್ಟಗೆ ಕೂತೇ ನಿದ್ದೆ ಮಾಡಿದ ಸಿಸ್ಟರ್, ಪ್ರಶ್ನೆ ಇದೆಯೇ ಎಂದಾಗ ಎದ್ದು ನಿಂತು, ಸೀಮಂತ ಮುಗಿಸಿಕೊಂಡು ತವರಿಗೆ ಹೋದವರನ್ನು ಎಲ್ಲಿ ಬರೆಯೋದು ಎಂದು ಕೇಳಿದರು. ವಲಸೆ ಎಂಬ ಕಡೆ ಒತ್ತಿ ಎಂದರು ಅಧಿಕಾರಿ. ಹಾಗಾದರೆ ಮಗು ಎತ್ತಿಕೊಂಡು ಐದು ತಿಂಗಳಿಗೆ ವಾಪಸ್ ಬಂದವಳು ಹೊಸಬಳೋ ಹಳಬಳೋ? ಅಧಿಕಾರಿ ನೀರು ಕುಡಿದರು. ಒಳ್ಳೆಯ ಪ್ರಶ್ನೆ, ಮೇಲೆ ಕಳಿಸುತ್ತೇನೆ ಎಂದರು.

ವಾಪಸ್ ಬರುವಾಗ ಬಸ್ಸಿನಲ್ಲಿ ನಾನು ಅಧಿಕಾರಿಯ ಧ್ವನಿಯಲ್ಲಿ ಮೋಡ, ಬಾಣ, ದೆಹಲಿ ಎಲ್ಲವನ್ನೂ ಹೊಗಳುತ್ತಿದ್ದೆ. ಸಿಸ್ಟರ್ ನಗಲಿಲ್ಲ.

“ಅಣಕಿಸ್ಬೇಡ ಕಣೋ. ನಂಗಿನ್ನೆಷ್ಟ್ ವರ್ಷ ಸರ್ವೀಸು? ಈ ಉಡ್ಗೀರು ಯಾರು ಎಲ್ಲವ್ರೆ ಅನ್ನೋದು ನನ್ ತಲೇಲೈತೆ. ನಾನ್ ಓಗ್ಬಿಟ್ಮೇಲೆ ಅದೇ ತಾನೆ ನೋಡ್ಕೋಬೇಕು? ಸರಿಯಾಗ್ ತುಂಬು ಅದಕ್ಕೆ.”

ಪುಸ್ತಕದ ಕಾಲದವರು ಕಂಪ್ಯೂಟರನ್ನು ಕಂಡರೆ ಉರಿಯುತ್ತಾರೆ ಎಂದುಕೊಂಡಿದ್ದ ನನಗೆ ಇದು ಹೊಸದು. ಅವರು ಅದನ್ನು ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯಂತೆ ನೋಡುತ್ತಿದ್ದರು. ಚುರುಕಾಗಿದ್ದಾಳೆ, ಆದರೆ ಊರು ಗೊತ್ತಿಲ್ಲ, ನಾವೇ ಹೇಳಿಕೊಡಬೇಕು.

ಆ ಹುಡುಗಿಗೊಂದು ಹಟವಿತ್ತು. ಮೊಬೈಲ್ ನಂಬರ್ ಇಲ್ಲದೆ ಯಾರ ಹೆಸರನ್ನೂ ಒಳಗೆ ಬಿಡುತ್ತಿರಲಿಲ್ಲ. ನಮ್ಮ ಕಡೆ ಕಟ್ಟಡ ಕೆಲಸಕ್ಕೆ ಬಂದ ಹೆಂಗಸರಲ್ಲಿ ಎಷ್ಟೋ ಜನಕ್ಕೆ ಫೋನೇ ಇಲ್ಲ, ಇದ್ದರೂ ಗಂಡನ ಜೇಬಿನಲ್ಲಿ. ಮೊದಲು ಹತ್ತು ಸಲ ಒಂಬತ್ತು ಒತ್ತಿ ನೋಡಿದೆ, ಒಪ್ಪಲಿಲ್ಲ. ಆಮೇಲೆ ಜಾಣತನ ಮಾಡಿ ನಾಲ್ಕೈದು ಜನಕ್ಕೆ ನನ್ನದೇ ನಂಬರ್ ಹಾಕಿದೆ. ಒಂದು ಭಾನುವಾರ ನಾನು ಸ್ನಾನಕ್ಕೆ ಹೋಗಿದ್ದಾಗ ನನ್ನ ಫೋನಿಗೆ ಸಂದೇಶ ಬಂತು: ‘ನೀವು ಈಗ ಐದನೇ ತಿಂಗಳಿನಲ್ಲಿದ್ದೀರಿ. ಕಬ್ಬಿಣದ ಮಾತ್ರೆ ತಪ್ಪದೆ ಸೇವಿಸಿ.’ ಓದಿದವರು ನಮ್ಮಮ್ಮ. ಒದ್ದೆ ತಲೆಯಲ್ಲಿ ಹೊರಗೆ ಬಂದ ನನ್ನನ್ನು ದೇವರ ಕೋಣೆ ಮುಂದೆ ನಿಲ್ಲಿಸಿ, ಯಾರೋ ಅವಳು, ಯಾವ ಬೀದಿಯೋ ಎಂದು ಶುರುಮಾಡಿದರು. ಐದು ಜನ ಇದ್ದಾರಮ್ಮ ಎಂದು ನಿಜ ಹೇಳಿದ್ದು ನನ್ನ ಜೀವನದ ದೊಡ್ಡ ತಪ್ಪು.

ಸೋಮವಾರ ಸಿಸ್ಟರಿಗೆ ಹೇಳಿದೆ. ನಗುತ್ತ ನಗುತ್ತ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಅವರು ಹಾಗೆ ನಕ್ಕದ್ದನ್ನು ಅದೊಂದೇ ಸಲ ಕಂಡದ್ದು. ಕೊನೆಗೆ, ಇನ್ನು ಮೇಲೆ ನನ್ನ ನಂಬರ್ ಹಾಕು, ನನಗೆ ಬಂದರೆ ನಾನೇ ಹೋಗಿ ಹೇಳುತ್ತೇನೆ ಎಂದರು. ಹಾಗೆ ಫೋನಿಲ್ಲದ ಮೂವತ್ತೊಂದು ಗರ್ಭಿಣಿಯರಿಗೆ ಒಂದೇ ನಂಬರಾಯಿತು. ಸಂದೇಶ ಬಂದ ಹಾಗೆಲ್ಲ ಅದು ಯಾರ ತಿಂಗಳು, ಯಾರ ಚುಚ್ಚುಮದ್ದು ಎಂದು ಪುಸ್ತಕದಲ್ಲಿ ಗುರುತು ಮಾಡಿಕೊಂಡು, ಶೆಡ್ಡು ಶೆಡ್ಡಿಗೆ ಹೋಗಿ ಬಾಯಲ್ಲಿ ಹೇಳಿ ಬರುತ್ತಿದ್ದರು. ದೆಹಲಿಯಿಂದ ಮೋಡಕ್ಕೆ, ಮೋಡದಿಂದ ಅವರ ಫೋನಿಗೆ, ಅಲ್ಲಿಂದ ಮುಂದಕ್ಕೆ ಸ್ಕೂಟಿಯಲ್ಲಿ.

ಆ ಮೂವತ್ತೊಂದರಲ್ಲಿ ಒಬ್ಬಳು ಹುಲಿಗೆಮ್ಮ. ಕೊಪ್ಪಳದ ಕಡೆಯವಳು, ಹತ್ತೊಂಬತ್ತೋ ಇಪ್ಪತ್ತೋ ವಯಸ್ಸು, ಚೊಚ್ಚಲು. ತಣಿಸಂದ್ರದ ಒಂದು ಕಟ್ಟಡದ ಶೆಡ್ಡಿನಲ್ಲಿದ್ದಳು. ಎಂಟನೇ ತಿಂಗಳಿಗೆ ಕಾಲು ಊದಿ ಬಿಪಿ ಏರಿತ್ತು. ದೊಡ್ಡಾಸ್ಪತ್ರೆಗೆ ಹೋಗು ಎಂದು ಸಿಸ್ಟರ್ ಎರಡು ಸಲ ಹೇಳಿದ್ದರು, ಗಂಡ ಕಳಿಸಿರಲಿಲ್ಲ. ಆದ್ದರಿಂದ ಅಪಾಯದಲ್ಲಿರುವವರ ಪಟ್ಟಿಗೆ ಅವಳನ್ನು ಸೇರಿಸಿದ್ದರು. ಆ ಪಟ್ಟಿ ಹಿಡಿದು ಶುಕ್ರವಾರಕ್ಕೊಮ್ಮೆ ವ್ಯಾನ್ ಬಂದು ಮನೆಬಾಗಿಲಿಂದ ಕರೆದುಕೊಂಡು ಹೋಗುತ್ತಿತ್ತು. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ವ್ಯಾನ್ ನಿಲ್ಲುತ್ತಿರಲಿಲ್ಲ.

ಅದು ಪೋಲಿಯೋ ಹನಿಯ ವಾರ. ಸಿಸ್ಟರನ್ನು ಹೆಬ್ಬಾಳದ ಕಡೆಗೆ ಹಾಕಿದ್ದರು. ಗುರುವಾರ ಬೆಳಿಗ್ಗೆ ಪೆಟ್ಟಿಗೆ ತೆಗೆದುಕೊಂಡು ಹೋಗಲು ಬಂದವರು ಚಾರ್ಜು ಮುಗಿದಿದ್ದ ತಮ್ಮ ಫೋನನ್ನು ನನ್ನ ಮೇಜಿನ ಬಳಿ ಚಾರ್ಜಿಗೆ ಹಾಕಿ ಹೋದರು. ಮಧ್ಯಾಹ್ನ ಅದು ರಿಂಗಾಯಿತು. ಗರ್ಭಿಣಿಯರಿಗೆ ಫೋನ್ ಮಾಡಿ ವಿಚಾರಿಸುವ ಕಾಲ್ ಸೆಂಟರಿನ ಹುಡುಗಿ. ಹುಲಿಗೆಮ್ಮ ಅವರಾ ಮಾತಾಡ್ತಿರೋದು ಎಂದಳು.

ಸುತ್ತ ಆಶಾ ಕಾರ್ಯಕರ್ತೆಯರು ಊಟದ ಡಬ್ಬಿ ಬಿಚ್ಚಿಕೊಂಡು ಕೂತಿದ್ದರು. ಅಷ್ಟು ಜನ ಪ್ರೇಕ್ಷಕರು ಸಿಕ್ಕರೆ ನನ್ನ ಬುದ್ಧಿ ನನ್ನ ಮಾತು ಕೇಳುವುದಿಲ್ಲ. ಸೊಂಟಕ್ಕೆ ಕೈ ಇಟ್ಟುಕೊಂಡು, ತಪಾಸಣೆಗೆ ಬಂದಾಗ ಕೇಳಿದ್ದ ಅವಳ ಧ್ವನಿಯಲ್ಲೇ, “ಹೂನ್ರೀ, ನಾನs ಮಾತಾಡಾಕತ್ತೀನ್ರೀ,” ಎಂದೆ. ಆಶಾಗಳು ಬಾಯಿಗೆ ಸೆರಗು ತುರುಕಿಕೊಂಡರು. ತಲೆನೋವಿದೆಯೇ ಎಂದಳು, ಇಲ್ರೀ ಎಂದೆ. ದೊಡ್ಡಾಸ್ಪತ್ರೆಗೆ ಹೋಗಿದ್ದಿರಾ ಎಂದಳು. “ಹೋಗಿ ಬಂದೀನ್ರೀ ಅಕ್ಕಾರ, ಎಲ್ಲಾ ಚಲೋ ಐತಂತ್ರೀ.” ಕೊನೆಗೆ ಮಗುವಿನ ತೊಟ್ಟಿಲಿಗೆ ಬರ್ರಿ ಎಂದು ಆಹ್ವಾನವನ್ನೂ ಕೊಟ್ಟೆ. ಫೋನ್ ಇಟ್ಟ ಮೇಲೆ ಐದು ನಿಮಿಷ ನಗು. ನನ್ನ ಪಾಲಿಗೆ ಒಂದು ಹೋಳಿಗೆಯೂ ಬಂತು.

ಸೋಮವಾರ ಸಿಸ್ಟರ್ ವಾಪಸ್ ಬಂದರು. ವ್ಯಾನ್ ಹೋಗಿ ಬಂದ ಪಟ್ಟಿಯನ್ನು ಕೇಳಿ ಪಡೆದು ಬೆರಳಿಟ್ಟು ಓದಿದರು. ಏಳು ಇರಬೇಕಿತ್ತಲ್ಲ, ಆರೇ ಇದೆ, ಹುಲಿಗೆಮ್ಮ ಎಲ್ಲಿ ಎಂದರು. ಕಂಪ್ಯೂಟರಿನಲ್ಲಿ ಅವಳ ಪುಟ ತೆಗೆದೆ. ಕೆಳಗೆ ಹಸಿರು ಅಕ್ಷರದಲ್ಲಿತ್ತು: ದೂರವಾಣಿಯಲ್ಲಿ ಖಚಿತಪಡಿಸಲಾಗಿದೆ, ಆಸ್ಪತ್ರೆಗೆ ಭೇಟಿ ನೀಡಿದ್ದಾರೆ, ತೊಂದರೆ ಇಲ್ಲ. ಫೋನಿನಲ್ಲಿ ಹಾಗೆ ಹೇಳಿದರೆ ಪಟ್ಟಿಯಿಂದ ಹೆಸರು ತಾನಾಗಿಯೇ ಬಿಟ್ಟುಹೋಗುತ್ತದೆ ಎನ್ನುವುದು ಪ್ರತಿ ವಾರ ಅದನ್ನು ಮುದ್ರಿಸುತ್ತಿದ್ದ ನನಗೇ ಗೊತ್ತಿರಲಿಲ್ಲ.

ಒಪ್ಪಿಕೊಂಡೆ. ಸಿಸ್ಟರ್ ಕೂಗಾಡಲಿಲ್ಲ.

“ಯಾವ್ ದನೀಲಿ ಏಳ್ದೆ?”

ಅವಳದೇ ಎಂದೆ. ಮಾಡು ಎಂದರು. ಅರ್ಧ ವಾಕ್ಯ ಮಾಡಿದೆ. ಕಣ್ಣು ಮುಚ್ಚಿ ಕೇಳಿಸಿಕೊಂಡರು.

“ಅವಳೇ ಅಂದ್ಕೋಬೇಕು, ಅಂಗೈತೆ. ಎದ್ದೇಳು, ಓಗಾನ.”

ತಣಿಸಂದ್ರಕ್ಕೆ ಹೋದರೆ ಶೆಡ್ಡೇ ಇಲ್ಲ. ತಗಡು ಬಿಚ್ಚಿಕೊಂಡು ಹೋಗಿದ್ದರು. ಮೂರು ಒಲೆ ಕಲ್ಲು, ಹರಿದ ಚಪ್ಪಲಿ. ಕಾವಲಿನವನು ಮೇಸ್ತ್ರಿ ಬೇರೆ ಕಡೆ ಕೆಲಸ ಹಿಡಿದ, ಎಲ್ಲರನ್ನೂ ಕರೆದುಕೊಂಡು ಹೋದ, ಎಲ್ಲಿಗೋ ಗೊತ್ತಿಲ್ಲ ಎಂದ. ನನ್ನ ಹೊಟ್ಟೆಯಲ್ಲಿ ಆ ಹೋಳಿಗೆ ಇನ್ನೂ ಇದ್ದ ಹಾಗನಿಸಿತು. ಸಿಸ್ಟರ್ ಪುಸ್ತಕದ ಕೊನೆಯ ಪುಟ ತೆಗೆದರು. ಅಲ್ಲಿ ಗರ್ಭಿಣಿಯರ ಹೆಸರಿರಲಿಲ್ಲ, ನೀರಿನ ಟ್ಯಾಂಕರ್ ಓಡಿಸುವವರ ನಂಬರುಗಳಿದ್ದವು.

“ಮನೆ ಬಿಡ್ತಾರೆ, ಊರು ಬಿಡ್ತಾರೆ. ನೀರು ಕುಡಿಯೋದು ಬಿಡಲ್ವಲ್ಲ,” ಎಂದು ಒಬ್ಬೊಬ್ಬರಿಗೇ ಫೋನ್ ಮಾಡತೊಡಗಿದರು. ಹೊಸದಾಗಿ ಶೆಡ್ಡು ಎದ್ದಿರುವುದು ಎಲ್ಲಿ, ಕೊಪ್ಪಳದವರು ಇಳಿದಿದ್ದಾರಾ. ನಾಲ್ಕನೆಯ ಡ್ರೈವರಿಗೆ ಗೊತ್ತಿತ್ತು. ಯಲಹಂಕದ ಆಚೆ, ಕೋಗಿಲು ದಾಟಿ, ನಿನ್ನೆ ಎರಡು ಲೋಡು ಹಾಕಿದೆ, ಬನ್ನಿ ನಾನೇ ತೋರಿಸ್ತೀನಿ ಸಿಸ್ಟ್ರೇ ಎಂದ. ಆ ದಿನ ಸಿಸ್ಟರ್ ಕಾಲು ಮೇಲೆತ್ತಿ ಸ್ಕೂಟಿ ಓಡಿಸಿದರು. ನಾನು ಕಣ್ಣು ಮುಚ್ಚಿಕೊಂಡಿದ್ದೆ.

ಹುಲಿಗೆಮ್ಮ ಗೋಡೆಗೆ ತಲೆಯೊತ್ತಿಕೊಂಡು ಕೂತಿದ್ದಳು. ಮುಖ ಊದಿಕೊಂಡಿತ್ತು. ಎರಡು ದಿನದಿಂದ ತಲೆ ಸಿಡಿಯುತ್ತಿದೆ, ಕಣ್ಣ ಮುಂದೆ ಚುಕ್ಕಿ ಬರುತ್ತಿದೆ ಎಂದಳು. ಅವಳ ಪಕ್ಕದಲ್ಲಿ ಕಟ್ಟಿಟ್ಟ ಗಂಟು. ಚೊಚ್ಚಲ ಹೆರಿಗೆ ತವರಿನಲ್ಲಿ, ನಾಳೆಯ ರೈಲಿಗೆ ಹೊರಟಿದ್ದೀವಿ ಎಂದ ಗಂಡ. ಸಿಸ್ಟರ್ ಅವಳ ತೋಳಿಗೆ ಬಿಪಿ ಪಟ್ಟಿ ಸುತ್ತಿದರು, ನೋಡಿದರು, ಬಿಚ್ಚಿ ಮತ್ತೆ ಸುತ್ತಿ ನೋಡಿದರು. ಆಂಬುಲೆನ್ಸ್ ಕರಿ ಎಂದು ನನಗೆ ಹೇಳಿದರು. ಗಂಡ ಅಡ್ಡ ಬಂದ. ತವರಿಗೆ ಕಳಿಸದಿದ್ದರೆ ಮಾವನ ಮನೆಯವರು ಏನೆಂದುಕೊಳ್ಳುತ್ತಾರೆ ಎಂದ.

ಸಿಸ್ಟರ್ ಅವನನ್ನು ಪಕ್ಕಕ್ಕೆ ಕರೆದು ಕೂರಿಸಿದರು. “ನೋಡಪ್ಪ, ಇವತ್ತೋ ನಾಳೆನೋ ಇವಳಿಗೆ ಫಿಟ್ಸ್ ಬರ್ತದೆ. ರೈಲಲ್ಲಿ ಬಂದ್ರೆ ಚೈನ್ ಎಳುದ್ರೆ ರೈಲು ನಿಲ್ತದೆ, ಫಿಟ್ಸ್ ನಿಲ್ಲಲ್ಲ. ತಾಯಿನೂ ಓಗ್ತಾಳೆ, ಕೂಸೂ ಓಗ್ತದೆ. ತವರು ಅಂದ್ರೆ ಅವ್ವ ತಾನೆ? ಅವ್ವನ್ನ ಇಲ್ಲಿಗೆ ಕರ್ಸು. ನಾನ್ ಮಾತಾಡ್ತೀನಿ ಅವರ ಜೊತೆ.”

ಅಲ್ಲಿಂದಲೇ ಕೊಪ್ಪಳಕ್ಕೆ ಫೋನ್ ಮಾಡಿ, ಆ ತಾಯಿಗೆ ಬೀಗಿತ್ತಿಯ ಹಾಗೆ ಸಮಾಧಾನ ಹೇಳಿ ಒಪ್ಪಿಸಿದರು. ನಾನು ಆಂಬುಲೆನ್ಸಿನವರಿಗೆ ವಿಳಾಸ ಹೇಳಲಾಗದೆ ತಡವರಿಸುತ್ತಿದ್ದೆ. ಹೆಸರಿಲ್ಲದ ರಸ್ತೆ, ನಂಬರಿಲ್ಲದ ಜಾಗ. ಟ್ಯಾಂಕರ್ ಡ್ರೈವರ್ ಹೋಗಿ ಮುಖ್ಯರಸ್ತೆಯಲ್ಲಿ ಕಾದು ನಿಂತು, ನೀರು ಚೆಲ್ಲಿಕೊಂಡು, ಹಾರನ್ ಒತ್ತಿಕೊಂಡು ಆಂಬುಲೆನ್ಸನ್ನು ಕರೆತಂದ. ಸಿಸ್ಟರ್ ಅವಳ ಜೊತೆ ಹತ್ತಿದರು. ಸ್ಕೂಟಿ ನನ್ನ ಪಾಲಿಗೆ ಉಳಿಯಿತು.

ಮೂರು ದಿನ ಅವರು ನನಗೆ ಏನೂ ಹೇಳಲಿಲ್ಲ. ಕೇಳುವ ಧೈರ್ಯ ನನಗಿರಲಿಲ್ಲ. ಆ ಮೂರು ದಿನ ಆರೋಗ್ಯ ಕೇಂದ್ರದಲ್ಲಿ ಯಾರ ಧ್ವನಿಯೂ ನನ್ನಿಂದ ಹೊರಡಲಿಲ್ಲ, ಯುಪಿಎಸ್ ತಾನೇ ಕೂಗಿಕೊಳ್ಳಬೇಕಾಯಿತು. ಶುಕ್ರವಾರ ಬೆಳಿಗ್ಗೆ ನನ್ನ ಕೀಬೋರ್ಡಿನ ಮೇಲೆ ಒಂದು ಚೀಟಿ ಇಟ್ಟು ಎಂಟ್ರಿ ಮಾಡು ಎಂದರು. ಹುಲಿಗೆಮ್ಮ, ಸಿಸೇರಿಯನ್, ಹೆಣ್ಣು, ತೂಕ ಎರಡು ಕೆಜಿಗೆ ಸ್ವಲ್ಪ ಕಡಿಮೆ, ತಾಯಿ ಮಗು ಕ್ಷೇಮ. ಚೀಟಿಯನ್ನು ನಾಲ್ಕು ಸಲ ಓದಿದೆ. ಅಕ್ಷರ ಸರಿಯಾಗಿ ಕಾಣಲಿಲ್ಲ, ಪರದೆಯ ಬೆಳಕು ಕಣ್ಣಿಗೆ ಹೊಡೆಯುತ್ತಿತ್ತು ಎಂದು ಎಲ್ಲರಿಗೂ ಹೇಳಿದ್ದೇನೆ.

ಎಂಟ್ರಿ ಮುಗಿಯಿತು. ಹಸಿರು ಸಾಲು ಮಾತ್ರ ಹಾಗೇ ಇತ್ತು. ಅದು ಕಾಲ್ ಸೆಂಟರಿನವರು ಬರೆದದ್ದು, ನಮ್ಮಿಂದ ಅಳಿಸಲಾಗದು. ಇರಲಿ ಬಿಡಿ ಸಿಸ್ಟರ್, ಹೆರಿಗೆ ಆಯಿತಲ್ಲ, ಇನ್ನು ಯಾರು ನೋಡುತ್ತಾರೆ ಎಂದೆ.

“ಅಂಗೇ ಬಿಟ್ರೆ, ಫೋನಲ್ ಕೇಳಿದ್ರೆ ಸಾಕು ಅಂತ ಅಲ್ ಕೂತೋರು ನಂಬ್ಕೊಂಡ್ಬಿಡ್ತಾರೆ. ಇನ್ನೊಬ್ಳು ಎಲ್ಲೋ ಬಿಟ್ಟೋಗ್ತಾಳೆ. ಫೋನ್ ಮಾಡಿ ಏಳು.”

ಹೇಳಿದರೆ ಒಂದೇ ನಂಬರಿನ ಮೂವತ್ತೊಂದು ಗರ್ಭಿಣಿಯರ ವಿಷಯವೂ ಹೊರಗೆ ಬರುತ್ತದೆ, ಸುಳ್ಳು ಹೆಸರು ತುಂಬಿದ್ದಾರೆ ಎಂದು ನಿಮ್ಮ ಮೇಲೇ ನೋಟಿಸ್ ಬರುತ್ತದೆ ಎಂದು ನೆನಪಿಸಿದೆ. ಬರಲಿ ಎಂದರು. ಬಂತು ಕೂಡ. ವಿಚಾರಣೆಗೆ ಬಂದವರನ್ನು ಸಿಸ್ಟರ್ ಬಿಸಿಲಿನಲ್ಲಿ ಶೆಡ್ಡು ಶೆಡ್ಡಿಗೂ ನಡೆಸಿ, ಮೂವತ್ತೊಂದು ಜನರ ಮುಖವನ್ನೂ ತೋರಿಸಿ ಲೆಕ್ಕ ಒಪ್ಪಿಸಿದರು. ಹದಿನೆಂಟನೆಯವಳ ಹೊತ್ತಿಗೆ ಆ ಸಾಹೇಬರು ಸಾಕು ಎಂದರಂತೆ, ಇವರು ಬಿಡಲಿಲ್ಲ. ಮುಂದೆ ಬಂದ ಹೊಸ ಸಾಫ್ಟ್‌ವೇರಿನಲ್ಲಿ ಈ ನಂಬರ್ ಯಾರದು ಎಂದು ಕೇಳುವ ಇನ್ನೊಂದು ಖಾನೆ ಸೇರಿತ್ತು. ಅದು ನಮ್ಮಿಂದಲೇ ಎಂದು ನಾನು ಸಿಕ್ಕವರಿಗೆಲ್ಲ ಕೊಚ್ಚಿಕೊಳ್ಳುತ್ತೇನೆ. ಪುರಾವೆ ಎಲ್ಲೋ ಎಂದು ಸಿಸ್ಟರ್ ಕೇಳುತ್ತಾರೆ.

ಅವೆಲ್ಲ ಆಮೇಲಿನ ಮಾತು. ಆ ಶುಕ್ರವಾರ ಅವರೇ ನಂಬರ್ ಒತ್ತಿ ಫೋನನ್ನು ನನ್ನ ಕೈಗೆ ಕೊಟ್ಟು, ಎದುರಿನ ಕುರ್ಚಿಯಲ್ಲಿ ಕೂತರು. ಮೂರನೇ ಸಲಕ್ಕೆ ಸಿಕ್ಕಿತು. ಹುಲಿಗೆಮ್ಮ ಅಂತ ಆವತ್ತು ಮಾತಾಡಿದ್ದು ಅವರಲ್ಲ, ನಾನು ಎಂದೆ. ಆ ಕಡೆ ಕೀಬೋರ್ಡ್ ಟಕಟಕ ನಿಂತಿತು. ಮಹಿಳೆ ಮಾತಾಡಿದ್ದಾರೆ ಅಂತ ಇಲ್ಲಿದೆಯಲ್ಲ ಸರ್ ಎಂದಳು ಹುಡುಗಿ. ನಾನೇ ಮೇಡಂ, ಅವರ ಧ್ವನಿ ಮಾಡಿದೆ ಎಂದೆ. ಮಾಡಿ ತೋರಿಸಿಬಿಡಲೇ ಎಂದು ಒಂದು ಕ್ಷಣ ನಾಲಿಗೆ ತುದಿಗೆ ಬಂತು. ಸಿಸ್ಟರ್ ನನ್ನನ್ನೇ ನೋಡುತ್ತಿದ್ದರು. ನುಂಗಿಕೊಂಡೆ. ಅವರು ಆಸ್ಪತ್ರೆಗೆ ಹೋಗಿರಲಿಲ್ಲ, ನಾನು ಹೇಳಿದ್ದೆಲ್ಲ ಸುಳ್ಳು, ಬರೆದುಕೊಳ್ಳಿ ಎಂದೆ. ಗಂಟಲು ಬೆಕ್ಕಿನ ಮರಿಯಂತಾಗಲಿಲ್ಲ, ಬೇರೆ ಯಾರ ಹಾಗೂ ಆಗಲಿಲ್ಲ.

ಹೆಸರು ಕೇಳಿದಳು, ಹೇಳಿದೆ. ಮತ್ತೆ ಟಕಟಕ ಶುರುವಾಯಿತು. ತುಂಬಬೇಕಾದ ಖಾನೆ ಇನ್ನೊಂದು ಉಳಿದಿತ್ತೆಂದು ಕಾಣುತ್ತದೆ.

“ಗರ್ಭಿಣಿಗೆ ನೀವು ಏನಾಗ್ಬೇಕು ಸರ್? ಗಂಡನಾ, ಸಂಬಂಧಿಕರಾ?”

“ಏನೂ ಆಗ್ಬೇಕಿಲ್ಲ ಮೇಡಂ,” ಎಂದೆ. “ಅವರ ಹೆಸರು ಟೈಪ್ ಮಾಡೋನು.”